ನಿಂತಾಗ ಸೋರುವುದು, ಓಡುವಾಗ ಕೂಗುವುದು

ಮೈಸೂರು ಜಂಕ್ಷನ್ ಬಿಟ್ಟ ರೈಲು ಚಾಮರಾಜಪುರಂ ದಾಟಿ ಅಶೋಕಪುರಂಗೆ ಬರುವ ಹೊತ್ತಿಗೆ ಇನ್ನೂ ಸರಿಯಾಗಿ ವೇಗ ಹಿಡಿದಿರುವುದಿಲ್ಲ. ಈ ಹಳಿ 1891ರಲ್ಲಿ ನಂಜನಗೂಡಿನವರೆಗೆ ಹೋಯಿತು, 1926ರಲ್ಲಿ ಚಾಮರಾಜನಗರ ಮುಟ್ಟಿತು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಈಗ ಬೆಂಗಳೂರಿನ ಮೆಮು ಗಾಡಿಗಳೂ ಇಲ್ಲಿಯ ತನಕ ಬಂದು ನಿಲ್ಲುತ್ತವೆ. ಹಳಿಯ ಪಕ್ಕದಲ್ಲೇ ರೈಲ್ವೆ ವರ್ಕ್‌ಶಾಪು. ಮೈಸೂರು ಸ್ಟೇಟ್ ರೈಲ್ವೆಯ ಕಾಲದ್ದು. ಓಡಿ ಓಡಿ ದಣಿದ ಬೋಗಿಗಳು ಅಲ್ಲಿಗೆ ಬಂದು, ಮೊಳೆ ಮೊಳೆ ಬಿಚ್ಚಿಸಿಕೊಂಡು, ಗಟ್ಟಿಯಾಗಿ ಮತ್ತೆ ಹಳಿಗೆ ಇಳಿಯುತ್ತವೆ. ಆದಿಕರ್ನಾಟಕಪುರ ಎಂಬ ಹಳೆಯ ಹೆಸರು ಕಳಚಿ ಅಶೋಕಪುರಂ ಆದ ಈ ಬಡಾವಣೆಯಲ್ಲಿ ಆ ಶೆಡ್ಡುಗಳಲ್ಲೇ ಕೈ ಪಳಗಿಸಿಕೊಂಡವರ ಮನೆಗಳು ಬೇಕಾದಷ್ಟಿವೆ. ಫಿಟ್ಟರು, ಟರ್ನರು, ವೆಲ್ಡರು, ಬಡಗಿ. ಪಿಂಚಣಿ ಶುರುವಾದರೂ ಅವರ ಬಳಿಗೆ ಜನ ಬರುವುದು ನಿಂತಿಲ್ಲ. ನೀರೆತ್ತದ ಮೋಟರು, ತಿರುಗದ ಮಿಕ್ಸಿ, ಸದ್ದು ಮಾಡುವ ಸ್ಕೂಟರು ಎಲ್ಲವೂ ಅವರ ಜಗಲಿಗೆ ಬರುತ್ತವೆ.

ಅಂಥದೊಂದು ಜಗಲಿಯ ಮುಂದೆ ಭಾನುವಾರ ಬೆಳಿಗ್ಗೆ ಹಳೆಯ ಡೀಸೆಲ್ ಗಾಡಿಯೊಂದು ಬಾನೆಟ್ ಎತ್ತಿಕೊಂಡು ನಿಂತಿದೆ. ಮಗ ಅದನ್ನು ಬಾಡಿಗೆಗೆ ಓಡಿಸುತ್ತಾನೆ. ನಂಜನಗೂಡು, ಮಾದಪ್ಪನ ಬೆಟ್ಟ, ಊಟಿ, ವಯನಾಡು ಅವನ ನಿತ್ಯದ ಹಾದಿ. ಅಪ್ಪ ವರ್ಕ್‌ಶಾಪಿನಲ್ಲಿ ಬ್ರೇಕ್ ಸೆಕ್ಷನ್ನಿನ ಫಿಟ್ಟರ್ ಆಗಿ ನಿವೃತ್ತರಾದವರು. ಹಿಂದಿನ ಚಕ್ರಗಳಿಗೆ ಮರದ ದಿಮ್ಮಿ ಕೊಟ್ಟಿದ್ದಾರೆ. ಮುಂದಿನ ಎರಡೂ ಚಕ್ರ ಎತ್ತಿ, ಚಾಸಿಯ ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಆಮೇಲೆ ಜಾಕಿಯನ್ನು ಕೊಂಚ ಇಳಿಸಿದ್ದಾರೆ, ಭಾರ ಪೂರ್ತಿ ಸ್ಟ್ಯಾಂಡಿನ ಮೇಲೆ ಕೂರಲಿ ಎಂದು. ಜಾಕಿಯೊಂದನ್ನೇ ನಂಬಿ ಗಾಡಿಯಡಿಗೆ ನುಗ್ಗುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತದೆ. ನೆಲದ ಮೇಲೆ ಗೋಣಿತಾಟು, ಅದರ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ರಿಂಗ್ ಸ್ಪ್ಯಾನರುಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ. ಬಾಯಿ ಕತ್ತರಿಸಿದ ಕ್ಯಾನಿನಲ್ಲಿ ತೊಳೆಯುವುದಕ್ಕೆ ಡೀಸೆಲ್. ಪಕ್ಕದಲ್ಲಿ ಕಾಟನ್ ವೇಸ್ಟಿನ ಉಂಡೆ. ಪೂರ್ವಕ್ಕೆ ಮನೆಗಳ ತಾರಸಿಯ ಮೇಲೆ ಚಾಮುಂಡಿ ಬೆಟ್ಟದ ನೆತ್ತಿ ಬಿಸಿಲಿಗೆ ಬೆಳ್ಳಗಾಗುತ್ತಿದೆ.

ಗಾಡಿಗೆ ಆಗಿರುವುದು ಇಷ್ಟು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಅಡಿಯಲ್ಲಿ ಎಣ್ಣೆಯ ಕಲೆ. ಸ್ಟಾರ್ಟ್ ಮಾಡಿ ಸ್ಟೀರಿಂಗ್ ತಿರುಗಿಸಿದರೆ ಗೂಂಯ್ ಎಂಬ ಕೂಗು. ಡಬ್ಬಿಯಲ್ಲಿ ಪವರ್ ಸ್ಟೀರಿಂಗ್ ಆಯಿಲ್ ವಾರ ವಾರ ಇಳಿಯುತ್ತದೆ. ಒಂದು ಗ್ಯಾರೇಜಿನವರು ಪಂಪನ್ನೇ ಬದಲಿಸಿ ಎಂದು ಕೈತೊಳೆದುಕೊಂಡಿದ್ದಾರೆ. ಹೊಸ ಪಂಪೆಂದರೆ ಸಾವಿರಗಳಲ್ಲಿ ಎಣಿಸಬೇಕು; ಒಳ್ಳೆಯ ಬಾಡಿಗೆ ಸಿಕ್ಕ ವಾರದ ದುಡಿಮೆ ಅದರಲ್ಲೇ ಹೋಗುತ್ತದೆ.

ಮಗ ಟಾರ್ಚು ಬಿಟ್ಟು ತೋರಿಸಿದ. “ಹೈ ಪ್ರೆಶರ್ ಪೈಪ್ ಹೋಗದೆ ಕಣಪ್ಪೋ. ನೋಡು ಹೆಂಗೆ ನೆಂದದೆ.”

“ನೆಂದಿರೋದೆಲ್ಲ ಸೋರಿರೋದಲ್ಲ ಕಣ್ಲಾ. ಹಂಚಿನ ಮನೇಲಿ ನೀರು ತೊಟ್ಟಿಕ್ಕೋದು ಒಂದ್ ಕಡೆ, ಹಂಚು ಒಡೆದಿರೋದು ಇನ್ನೊಂದ್ ಕಡೆ. ಮೊದ್ಲು ಒರ್ಸು.”

ಒರೆಸುವುದೇ ಅರ್ಧ ಗಂಟೆಯ ಕೆಲಸ. ರಸ್ತೆಯ ಧೂಳು ಎಣ್ಣೆಯೊಂದಿಗೆ ಬೆರೆತು ಕರಿಯ ಮೇಣದ ಹಾಗೆ ಪಂಪಿನ ಮೈಗೆ ಅಂಟಿದೆ. ಬ್ರಷ್ಷಿಗೆ ಡೀಸೆಲ್ ತಾಗಿಸಿ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ, ಮೂಲೆಮೂಲೆಗೆ ಸ್ಕ್ರೂಡ್ರೈವರಿನ ತುದಿಗೆ ಸುತ್ತಿದ ಬಟ್ಟೆ ನುಗ್ಗಿಸಿ, ಲೋಹದ ಬಣ್ಣ ಕಾಣುವವರೆಗೂ ಬಿಡಲಿಲ್ಲ. ಒರೆಸಿದ ಬಟ್ಟೆಯನ್ನು ಅಪ್ಪ ಬಿಸಿಲಿಗೆ ಹಿಡಿದು ನೋಡಿದರು. ಕೆಂಪು. ಎಂಜಿನ್ ಆಯಿಲ್ ಆಗಿದ್ದರೆ ಕಪ್ಪು, ರೇಡಿಯೇಟರಿನ ನೀರಾಗಿದ್ದರೆ ಹಸಿರು. ಈ ಗಾಡಿಯ ಸ್ಟೀರಿಂಗಿಗೆ ಹಾಕುವುದು ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರಿನ ಎಣ್ಣೆ; ಅದು ಹುಟ್ಟಿನಿಂದಲೇ ಕೆಂಪು. ಅಲ್ಲಿಗೆ ಸೋರುತ್ತಿರುವುದು ಸ್ಟೀರಿಂಗಿನ ಎಣ್ಣೆಯೇ ಎಂಬುದು ಖಾತ್ರಿ. ಎಲ್ಲಿಂದ ಎಂಬುದಕ್ಕೆ ಮಗ ಒಳಗೆ ಹೋಗಿ ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ ತಂದ.

“ನನ್ ಪೌಡರ್ ಡಬ್ಬ ಎಲ್ಲಿಗ್ ಎತ್ಕೊಂಡ್ ಓಯ್ತಿದ್ದೀಲಾ?” ಎಂದು ಅವ್ವ ಒಳಗಿಂದಲೇ ಕೂಗಿದರು.

ಪೈಪಿನ ಬಾಯಿ, ಪಂಪಿನ ಕೀಲುಗಳು, ಪುಲ್ಲಿಯ ಹಿಂಬದಿ ಎಲ್ಲಕ್ಕೂ ತೆಳ್ಳಗೆ ಪೌಡರ್ ಹಾರಿಸಿದರು. ಎಂಜಿನ್ ಸ್ಟಾರ್ಟ್ ಆಯಿತು. ಮಗ ಸ್ಟೀರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದ. ಪಂಪು ಕೂಗಿತು. ಪೌಡರ್ ಮಾತ್ರ ಎಲ್ಲಿಯೂ ನೆನೆಯಲಿಲ್ಲ. ಪೈಪಿನ ಮೇಲೆ ಹರಡಿದ ಬಿಳುಪು ಹಾಗೇ ಇತ್ತು. ಮಗನ ಮುಖ ಬಾಡಿತು. ಅಪ್ಪ ಎಂಜಿನ್ ನಿಲ್ಲಿಸಲು ಸನ್ನೆ ಮಾಡಿ ಜಗಲಿಗೆ ಬಂದು ಕೂತರು. ಕಾಫಿ ಬಂತು. ಲೋಟ ಖಾಲಿಯಾಗಿ ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ ಟಾರ್ಚು ಬಿಟ್ಟರೆ, ಪುಲ್ಲಿಯ ಹಿಂದೆ, ಶಾಫ್ಟು ಪಂಪಿನೊಳಕ್ಕೆ ಹೋಗುವಲ್ಲಿ, ಪೌಡರಿನ ಮೇಲೆ ಕೆಂಪನೆಯ ಸಣ್ಣ ಗೆರೆ ಇಳಿದಿತ್ತು.

“ಓಡೋವಾಗ ಸೋರದೆ ನಿಂತಾಗ ಸೋರ್ತದೆ ಅಂದ್ರೆ ಶಾಫ್ಟ್ ಸೀಲು. ಪೈಪ್ ಹೋಗಿದ್ರೆ ಓಡೋವಾಗ ಚಿಮ್ಮೋದು” ಎಂದರು ಅಪ್ಪ.

ಈ ತೀರ್ಮಾನ ಅವರಿಗೆ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಅವರ ನೌಕರಿಯ ಮೊದಲರ್ಧಕ್ಕೆ ಹೋಗಬೇಕು. ಮೀಟರ್ ಗೇಜ್ ಬೋಗಿಗಳಿಗೆ ಆಗ ಇದ್ದದ್ದು ವ್ಯಾಕ್ಯೂಮ್ ಬ್ರೇಕು. ಇಡೀ ರೈಲಿನುದ್ದಕ್ಕೂ ಹರಿಯುವ ಪೈಪಿನಿಂದ ಗಾಳಿಯನ್ನು ಎಂಜಿನ್ ಹೀರಿಕೊಂಡೇ ಇರಬೇಕು. ಪಾದರಸದ ಲೆಕ್ಕದಲ್ಲಿ 50 ಸೆಂಟಿಮೀಟರಿನಷ್ಟು ವ್ಯಾಕ್ಯೂಮ್ ನಿಂತರೆ ಬ್ರೇಕು ಬಿಟ್ಟುಕೊಂಡಿರುತ್ತದೆ, ಗಾಳಿ ಒಳಗೆ ನುಗ್ಗಿದರೆ ಹಿಡಿಯುತ್ತದೆ. ಪ್ರತಿ ಬೋಗಿಯಡಿಗೂ ಒಂದು ದೊಡ್ಡ ಸಿಲಿಂಡರ್, ಅದರ ಪಿಸ್ಟನ್ನಿಗೆ ರೋಲಿಂಗ್ ರಿಂಗ್ ಎಂಬ ರಬ್ಬರ್ ಬಳೆ. ಆ ಬಳೆ ಗಡುಸಾದರೆ, ಬಿರುಕು ಬಿಟ್ಟರೆ ಸೋರಿಕೆ ಶುರು. ಆದರೆ ಹೊರಗೆ ಏನೂ ಬರುವುದಿಲ್ಲ. ತೊಟ್ಟಿಲ್ಲ, ಕಲೆಯಿಲ್ಲ. ಗಾಳಿ ಒಳಕ್ಕೆ ಹೋಗುತ್ತದೆ. ವ್ಯಾಕ್ಯೂಮ್ ಮಾಪಕದ ಮುಳ್ಳು ಏರಬೇಕಾದಷ್ಟು ಏರುವುದಿಲ್ಲ, ಅಷ್ಟೇ. ಅದನ್ನು ಬೋಗಿಯಡಿ ಕೂತು ಕಿವಿಯಿಂದ ಹುಡುಕಬೇಕು. ಮುಂದೆ ಏರ್ ಬ್ರೇಕ್ ಬಂದಾಗ ಕತೆ ತಿರುಗಿತು. ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕೆಜಿ ಒತ್ತಡದ ಗಾಳಿ, ಸೋರಿದರೆ ಹೊರಕ್ಕೇ ಸೋರುತ್ತದೆ, ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಒಂದೇ ಕೈ ಎರಡೂ ಬಗೆಯ ಸೋರಿಕೆಯನ್ನು ವರ್ಷಗಟ್ಟಲೆ ಹುಡುಕಿದೆ. ಸೋರಿಕೆ ಎಂದರೆ ಹೊರಗೆ ಬರುವುದು ಮಾತ್ರ ಎಂದು ನಮ್ಮಂಥವರು ತಿಳಿದಿರುತ್ತೇವೆ. ಒಳಗೆ ಎಳೆದುಕೊಳ್ಳುವ ಸೋರಿಕೆಯೂ ಉಂಟು ಎಂಬುದು ಆ ಶೆಡ್ಡಿನಲ್ಲಿ ಕೆಲಸ ಮಾಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪವರ್ ಸ್ಟೀರಿಂಗ್ ಪಂಪಿನಲ್ಲಿ ಈ ಎರಡೂ ಒಟ್ಟಿಗೆ ಇವೆ. ಒಂದು ಮಗ್ಗುಲು ಡಬ್ಬಿಯಿಂದ ಎಣ್ಣೆ ಹೀರುತ್ತದೆ, ಇನ್ನೊಂದು ಮಗ್ಗುಲು ಸ್ಟೀರಿಂಗ್ ಬಾಕ್ಸಿಗೆ ಒತ್ತಿ ಕಳಿಸುತ್ತದೆ. ಚಕ್ರವನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗ ಒತ್ತುವ ಮಗ್ಗುಲಿನಲ್ಲಿ ಚದರ ಸೆಂಟಿಮೀಟರಿಗೆ 70 ಕೆಜಿಯ ಆಸುಪಾಸು, ಕೆಲವು ಗಾಡಿಗಳಲ್ಲಿ ಅದಕ್ಕೂ ಹೆಚ್ಚು ಒತ್ತಡ ಇರುತ್ತದೆ. ಶಾಫ್ಟಿನ ಸೀಲು ಕೂರುವ ಜಾಗ ಮಾತ್ರ ಹೀರುವ ಮಗ್ಗುಲಿಗೆ ಸೇರಿದ್ದು. ಎಂಜಿನ್ ಓಡುವಾಗ ಸವೆದ ಸೀಲಿನ ಮೂಲಕ ಎಣ್ಣೆ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಗಾಳಿ ಬೆರೆತ ಎಣ್ಣೆ ನೊರೆಯಾಗುತ್ತದೆ, ನೊರೆ ಒತ್ತಡಕ್ಕೆ ಸಿಕ್ಕಿ ಒಡೆಯುವುದೇ ಆ ಗೂಂಯ್ ಸದ್ದು. ಎಂಜಿನ್ ನಿಂತಾಗ ಹೀರುವಿಕೆ ಇಲ್ಲ, ಡಬ್ಬಿಯಲ್ಲಿರುವ ಎಣ್ಣೆಯ ಭಾರಕ್ಕೆ ಅದೇ ದಾರಿಯಲ್ಲಿ ತೊಟ್ಟು ಹೊರಗೆ. ರಾತ್ರಿಯ ಕಲೆಗೂ ಹಗಲಿನ ಕೂಗಿಗೂ ಕಾರಣ ಒಂದೇ ಬೆರಳಗಲದ ರಬ್ಬರು. ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು: ಎಣ್ಣೆಯ ಮೇಲೆ ಗುಲಾಬಿ ಬಣ್ಣದ ನೊರೆ.

ಬಿಚ್ಚುವ ಕೆಲಸದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಎಣ್ಣೆಯನ್ನು ಹಳೆ ಕ್ಯಾನಿಗೆ ಇಳಿಸಿದರು. ಅದನ್ನು ಚರಂಡಿಗೆ ಸುರಿಯಲು ಅಪ್ಪ ಒಪ್ಪುವುದಿಲ್ಲ, ಕ್ಯಾನು ತುಂಬಿದಾಗ ಹಳೆ ಆಯಿಲ್ ಕೊಳ್ಳುವವರಿಗೆ ಹೋಗುತ್ತದೆ. ಬೆಲ್ಟು ಇನ್ನೂ ಇರುವಾಗಲೇ ಪುಲ್ಲಿಯ ನಟ್ಟನ್ನು ಸಡಿಲಿಸಿದರು, ಆಮೇಲಾದರೆ ಪುಲ್ಲಿಯನ್ನು ಹಿಡಿಯುವುದು ಕಷ್ಟ. ನಂತರ ಬೆಲ್ಟು, ಪೈಪುಗಳು, ಬ್ರಾಕೆಟ್ಟಿನ ಬೋಲ್ಟುಗಳು. ಬಿಚ್ಚಿದ ಪೈಪುಗಳ ಬಾಯಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ದಾರ ಕಟ್ಟಿದರು. ಒತ್ತಡದ ಪೈಪಿನ ಬೋಲ್ಟಿಗೆ ಮೇಲೊಂದು ಕೆಳಗೊಂದು ತಾಮ್ರದ ವಾಷರ್. ಅವನ್ನು ಅಪ್ಪ ಎತ್ತಿ ಎಸೆದರು. ಒಮ್ಮೆ ಒತ್ತಿಸಿಕೊಂಡ ತಾಮ್ರ ಗಡುಸಾಗಿರುತ್ತದೆ, ಮತ್ತೆ ಅದನ್ನೇ ಹಾಕಿದರೆ ಅಲ್ಲಿ ಹೊಸ ಸೋರಿಕೆ.

ಪಂಪು ಜಗಲಿಗೆ ಬಂತು. ಹಾಸಿದ ಬಿಳಿ ಬಟ್ಟೆಯ ಮೇಲೆ ಕೂತಾಗ ಅದು ಎಷ್ಟು ಸಣ್ಣದೆಂದು ನೋಡುತ್ತಾ ಕೂತಿದ್ದ ನನಗೆ ಆಶ್ಚರ್ಯ. ಒಂದು ಕೈಯಲ್ಲಿ ಎತ್ತಬಹುದು. ಮಗನಿಗೆ ಆತುರ. ಕೊಕ್ಕೆ ಹಾಕಿ ಸೀಲು ಕಿತ್ತು ಹೊಸದು ಬಡಿದರೆ ಮುಗಿಯಿತಲ್ಲ ಎನ್ನುತ್ತಾನೆ. ಅಪ್ಪ ಕೇಳಲಿಲ್ಲ. “ಸೀಲ್ ಯಾಕ್ ಹೋಯ್ತು ಅಂತ ನೋಡ್ದೆ ಸೀಲ್ ಹಾಕಿದ್ರೆ ಆರ್ ತಿಂಗ್ಳಿಗೆ ಮತ್ತೆ ಇಲ್ಲೇ ಕೂತಿರ್ತೀವಿ” ಎಂದು ಸರ್ಕ್ಲಿಪ್ ಬಿಡಿಸಿ ಹಿಂಬದಿಯ ಮುಚ್ಚಳ ತೆಗೆದೇಬಿಟ್ಟರು. ನನಗೆ ಇಡೀ ಬೆಳಗಿನಲ್ಲಿ ಅತಿ ದೊಡ್ಡದಾಗಿ ಕಂಡದ್ದು ಈ ಒಂದು ನಿರ್ಧಾರ. ಕೆಟ್ಟದ್ದನ್ನು ಬದಲಿಸುವುದಕ್ಕೆ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಾಕು. ಯಾಕೆ ಕೆಟ್ಟಿತೆಂದು ನೋಡುವುದಕ್ಕೆ ಹೊತ್ತು ಕೊಡಬೇಕು, ಆ ಹೊತ್ತು ಕೊಡುವವರು ಕಡಿಮೆಯಾಗುತ್ತಿದ್ದಾರೆ.

ಒಳಗೆ ಮೊಟ್ಟೆಯಾಕಾರದ ಉಕ್ಕಿನ ಬಳೆ. ಅದರ ನಡುವೆ ದುಂಡನೆಯ ರೋಟರು. ರೋಟರಿನ ಸೀಳುಗಳಲ್ಲಿ ಹತ್ತು ತೆಳು ಉಕ್ಕಿನ ತಗಡು, ಅವೇ ವೇನುಗಳು. ರೋಟರು ತಿರುಗಿದಾಗ ವೇನುಗಳು ಹೊರಕ್ಕೆ ಚಾಚಿ ಬಳೆಯ ಒಳಮೈಯನ್ನು ಸವರುತ್ತಾ ಹೋಗುತ್ತವೆ. ಬಳೆ ದುಂಡಗಿಲ್ಲದ್ದರಿಂದ ಎರಡು ವೇನುಗಳ ನಡುವಿನ ಜಾಗ ಒಂದು ಸುತ್ತಿನಲ್ಲಿ ಎರಡು ಬಾರಿ ಹಿಗ್ಗುತ್ತದೆ, ಎರಡು ಬಾರಿ ಕುಗ್ಗುತ್ತದೆ. ಹಿಗ್ಗಿದಾಗ ಎಣ್ಣೆ ಬರುತ್ತದೆ, ಕುಗ್ಗಿದಾಗ ಒತ್ತಿಕೊಂಡು ಹೋಗುತ್ತದೆ. ಎದುರುಬದುರಿನಲ್ಲಿ ಒಂದೇ ಸಮನೆ ಒತ್ತುವುದರಿಂದ ಶಾಫ್ಟು ಯಾವ ಕಡೆಗೂ ವಾಲುವುದಿಲ್ಲ. 1920ರ ದಶಕದಲ್ಲಿ ಅಮೆರಿಕದ ಹ್ಯಾರಿ ವಿಕರ್ಸ್ ಕಂಡುಕೊಂಡ ಉಪಾಯವಿದು. ವೇನುಗಳ ಒಂದಂಚು ದುಂಡಗೆ, ಇನ್ನೊಂದು ಚಪ್ಪಟೆ. ದುಂಡಂಚು ಬಳೆಯ ಕಡೆಗೇ ಇರಬೇಕು. ಅಪ್ಪ ಒಂದೊಂದನ್ನೇ ತೆಗೆದು ಅದೇ ಕ್ರಮದಲ್ಲಿ ಬಟ್ಟೆಯ ಮೇಲೆ ಜೋಡಿಸಿದರು. ಬಳೆಯ ಒಳಮೈಗೆ ಬೆರಳ ತುದಿ ಆಡಿಸಿದರು. ಕನ್ನಡಿಯಂತಿದೆ, ಅಲೆಯಿಲ್ಲ, ಗೀರಿಲ್ಲ. ಬೇರಿಂಗಿನಲ್ಲಿಯೂ ಅಲುಗಾಟವಿಲ್ಲ. ಪಂಪು ಬದಲಿಸಬೇಕಾದ ಕಾರಣ ಅದರೊಳಗೆ ಎಲ್ಲಿಯೂ ಇರಲಿಲ್ಲ.

ಹಳೆಯ ಸೀಲು ಕಿತ್ತಾಗ ಕಾರಣ ಕೈಗೆ ಸಿಕ್ಕಿತು. ಮೆತ್ತಗಿರಬೇಕಾದ ತುಟಿ ಗಡುಸಾಗಿ, ಉಗುರಿನಿಂದ ಒತ್ತಿದರೆ ಬಾಗದೆ ಬಿರಿಯಿತು. ವರ್ಷಗಳ ಬಿಸಿ ಅದನ್ನು ಸುಟ್ಟಿದೆ. ಜೊತೆಗೆ ಬೆಲ್ಟನ್ನು ಅತಿಯಾಗಿ ಬಿಗಿದಿದ್ದರಿಂದ ಶಾಫ್ಟಿನ ಮೇಲೆ ಒಂದೇ ಕಡೆಯ ಎಳೆತ; ತುಟಿ ಒಂದು ಮಗ್ಗುಲಿಗೆ ಹೆಚ್ಚು ಸವೆದಿದೆ. ಶಾಫ್ಟಿನ ಮೇಲೂ ಸೀಲು ಉಜ್ಜಿದ ಜಾಗದಲ್ಲಿ ಸಣ್ಣ ಗೆರೆ ಇದೆ. ಅಪ್ಪ ಉಗುರನ್ನು ಅಡ್ಡ ಎಳೆದು ನೋಡಿದರು. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿಲ್ಲ. ನಯವಾದ ಎಮರಿ ಪೇಪರಿಗೆ ಎಣ್ಣೆ ತಾಗಿಸಿ, ಶಾಫ್ಟಿನ ಸುತ್ತಲೂ, ಉದ್ದಕ್ಕಲ್ಲ, ಉಜ್ಜಿದರು. ಉದ್ದಕ್ಕೆ ಉಜ್ಜಿದರೆ ಆ ಗೀರುಗಳೇ ಎಣ್ಣೆಗೆ ಕಾಲುವೆಯಾಗುತ್ತವೆ.

ಸೀಲಿನ ಬೆನ್ನಿನ ಮೇಲೆ ಅಚ್ಚಾಗಿದ್ದ ಅಳತೆ ನೋಡಿಕೊಂಡು, ಒಳಸುತ್ತು, ಹೊರಸುತ್ತು, ದಪ್ಪ ಬರೆದ ಚೀಟಿಯೊಂದಿಗೆ ಮಗ ಪೇಟೆಯ ಸ್ಪೇರ್ಸ್ ಅಂಗಡಿಗೆ ಹೋದ. ಭಾನುವಾರ ತೆರೆದಿರುವ ಅಂಗಡಿ ಹುಡುಕಿ ಸೀಲು, ಓ ರಿಂಗುಗಳು, ತಾಮ್ರದ ವಾಷರು, ಎಟಿಎಫ್ ತಂದ. ಸೀಲಿನ ಬೆಲೆ ನೂರಿನ ಒಂದೆರಡು ನೋಟಿನಲ್ಲಿ ಮುಗಿದಿತ್ತು. ಅವನು ಹೋಗಿ ಬರುವಷ್ಟರಲ್ಲಿ ಅವನ ಅಪ್ಪ ನನಗೆ ಇನ್ನೊಂದು ಮಾತು ಹೇಳಿದರು. ಎಣ್ಣೆ ಕಡಿಮೆಯಾದಾಗ ಕೆಲವರು ಕೈಗೆ ಸಿಕ್ಕ ಬ್ರೇಕ್ ಆಯಿಲ್ ಸುರಿದುಬಿಡುತ್ತಾರೆ. ಅದು ಈ ರಬ್ಬರಿಗೆ ವಿಷ. ಬ್ರೇಕಿನ ರಬ್ಬರೇ ಬೇರೆ, ಸ್ಟೀರಿಂಗಿನ ರಬ್ಬರೇ ಬೇರೆ. ಬ್ರೇಕ್ ಆಯಿಲಿಗೆ ಇಲ್ಲಿಯ ಸೀಲುಗಳು ಊದಿ, ಮೆತ್ತಗಾಗಿ, ಒಂದರ ಹಿಂದೆ ಒಂದು ಕೈಕೊಡುತ್ತವೆ. “ರಬ್ಬರ್ ಯಾವುದು ಅಂತ ತಿಳ್ಕೊಂಡೇ ಎಣ್ಣೆ ಮುಟ್ಬೇಕು ಸಾ” ಎಂದರು. ಸೋರುವ ಎಣ್ಣೆಯನ್ನು ಸುಮ್ಮನೆ ತುಂಬಿಸಿಕೊಂಡು ಓಡಿಸುವುದಕ್ಕೂ ಅವರ ವಿರೋಧ. ಕಾದ ಸೈಲೆನ್ಸರ್ ಪೈಪಿನ ಮೇಲೆ ಅದು ತೊಟ್ಟಿಕ್ಕಿದರೆ ಮೊದಲು ಹೊಗೆ, ನಸೀಬು ಕೆಟ್ಟರೆ ಬೆಂಕಿ.

ಮಗನಿಗೆ ಮಾತ್ರ ಬೆಂಕಿಗಿಂತ ಘಾಟಿಯ ಭಯ. ಹೋದ ಸಲ ಮಸಿನಗುಡಿಯಿಂದ ಕಲ್ಲಟ್ಟಿ ಮೇಲೆ ಊಟಿಗೆ ಹತ್ತುವಾಗ ಸ್ಟೀರಿಂಗ್ ಬಿಟ್ಟು ಬಿಟ್ಟು ಗಟ್ಟಿಯಾಯಿತಂತೆ. 36 ಹೇರ್‌ಪಿನ್ ತಿರುವುಗಳ ದಾರಿ. ಗಾಡಿ ತುಂಬ ಜನ. ಪವರ್ ಇಲ್ಲದ ಹಳೆಯ ಗಾಡಿಗಳಲ್ಲಿ ಸ್ಟೀರಿಂಗನ್ನು ಹೆಚ್ಚು ಸುತ್ತು ಸುತ್ತಿಸಿ ಭಾರ ಕಡಿಮೆ ಮಾಡಿರುತ್ತಿದ್ದರು. ಪವರ್ ಇರುವ ಗಾಡಿಯಲ್ಲಿ ಸುತ್ತು ಕಡಿಮೆ, ಹಾಗಾಗಿ ಪಂಪು ಕೈಬಿಟ್ಟ ಕ್ಷಣ ಅದು ಮಾಮೂಲು ಗಾಡಿಗಿಂತಲೂ ಭಾರ. ಈ ಭಾರವನ್ನು ಇಳಿಸಲು ಹೊರಟವರು ಪಿಯರ್ಸ್ ಆರೋ ಕಂಪನಿಯ ಟ್ರಕ್ ವಿಭಾಗದಲ್ಲಿದ್ದ ಫ್ರಾನ್ಸಿಸ್ ಡೇವಿಸ್. ಟ್ರಕ್ ಚಾಲಕರ ತೋಳಿನ ಕಷ್ಟ ಕಂಡಿದ್ದ ಆತ ಕೆಲಸ ಬಿಟ್ಟು ಸ್ವಂತವಾಗಿ ಪ್ರಯೋಗ ಮಾಡಿ 1926ರ ಹೊತ್ತಿಗೆ ಓಡುವ ಗಾಡಿಯಲ್ಲಿ ಪವರ್ ಸ್ಟೀರಿಂಗ್ ತೋರಿಸಿದರು. ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ.  ಈಗಿನ ಬಹುತೇಕ ಕಾರುಗಳಲ್ಲಿ ಎಣ್ಣೆಯೂ ಇಲ್ಲ ಪಂಪೂ ಇಲ್ಲ. 1988ರ ಸುಜುಕಿ ಸರ್ವೊದಿಂದ ಶುರುವಾಗಿ ಮೋಟರೇ ತಿರುಗಿಸುವ ಸ್ಟೀರಿಂಗ್ ಎಲ್ಲೆಡೆ ಬಂದಿದೆ. ಆದರೂ ಬಸ್ಸು, ಲಾರಿ, ಮತ್ತು ಕ್ವಾಲಿಸ್, ಸುಮೋಗಳ ಕಾಲದ ಗಾಡಿಗಳು ಎಣ್ಣೆಯ ಬಲದಿಂದಲೇ ತಿರುಗುತ್ತವೆ. ಅವು ರಸ್ತೆಯ ಮೇಲಿರುವವರೆಗೆ ಈ ವಿದ್ಯೆ ಬೇಕೇ ಬೇಕು.

ಜೋಡಿಸುವಾಗ ಅಪ್ಪ ಮಾತು ನಿಲ್ಲಿಸಿದರು. ಸೀಲಿನ ತುಟಿಗೆ ಗ್ರೀಸ್ ಸವರಿದರು. ತುಟಿಯ ಹಿಂದೆ ಕೂದಲಿನಷ್ಟು ಸಣ್ಣ ಸುರುಳಿ ಸ್ಪ್ರಿಂಗು. ಆ ಮುಖ ಎಣ್ಣೆಯ ಕಡೆಗೆ. ಅಷ್ಟೇ ಸುತ್ತಳತೆಯ ಸಾಕೆಟ್ಟನ್ನು ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಸುತ್ತಲೂ ಸಮವಾಗಿ ತಟ್ಟಿದರು. ಪೂರ್ತಿ ತಳಕ್ಕೆ ಇಳಿಸದೆ ಒಂದು ಕೂದಲೆಳೆ ಮೇಲೆ ನಿಲ್ಲಿಸಿದರು. ಹಾಗೆ ಮಾಡಿದರೆ ಹೊಸ ತುಟಿ ಹಳೆಯ ಗೆರೆಯ ಮೇಲಲ್ಲ, ಶಾಫ್ಟಿನ ಸವೆಯದ ಮೈ ಮೇಲೆ ಕೂರುತ್ತದೆ. ಶಾಫ್ಟನ್ನು ತೂರಿಸುವ ಮುನ್ನ ಅದರ ಕೀಲಿ ಕೂರುವ ತೋಡಿಗೆ ತೆಳ್ಳನೆಯ ಟೇಪು ಸುತ್ತಿದರು, ಅದರ ಚೂಪಂಚು ಹೊಸ ರಬ್ಬರನ್ನು ಕೊಯ್ಯದಿರಲೆಂದು. ವೇನುಗಳು ದುಂಡಂಚು ಹೊರಕ್ಕೆ ಮಾಡಿಕೊಂಡು ತಮ್ಮ ತಮ್ಮ ಸೀಳಿಗೆ ಇಳಿದವು. ಓ ರಿಂಗು, ಮುಚ್ಚಳ, ಸರ್ಕ್ಲಿಪ್. ಕೈಯಿಂದ ತಿರುಗಿಸಿದರೆ ಶಾಫ್ಟು ಎಲ್ಲಿಯೂ ತಡೆಯದೆ ಸುತ್ತಿತು.

ಗಾಡಿಗೆ ಏರಿಸಿ, ಪೈಪು ಸಿಕ್ಕಿಸಿ, ಬೆಲ್ಟು ಎಳೆದಾಗ ಅಪ್ಪ ಹೆಬ್ಬೆರಳಿನಿಂದ ನಡುವೆ ಒತ್ತಿ ಸೆಂಟಿಮೀಟರಿನಷ್ಟು ಬಾಗುವುದನ್ನು ನೋಡಿ ಬೋಲ್ಟು ಬಿಗಿದರು. ಮಗನ ಹೆಬ್ಬೆರಳನ್ನೂ ಹಿಡಿದು ಅಲ್ಲೇ ಒತ್ತಿಸಿದರು. ನೆನಪಿರಬೇಕಾದದ್ದು ಅವನಿಗೆ.

ಇನ್ನು ಗಾಳಿ ತೆಗೆಯುವುದು. ಎಂಜಿನ್ ಸ್ಟಾರ್ಟ್ ಮಾಡದೆ, ಡಬ್ಬಿ ತುಂಬಿಸಿ, ಎತ್ತಿರುವ ಚಕ್ರಗಳನ್ನು ಸ್ಟೀರಿಂಗಿನಿಂದ ಈ ಕೊನೆಯಿಂದ ಆ ಕೊನೆಗೆ ನಿಧಾನಕ್ಕೆ ತಿರುಗಿಸುತ್ತಾ ಹೋಗಬೇಕು. ಮಗ ಒಳಗೆ ಕೂತು ಎರಡು ಕೈಯಲ್ಲಿ ಎಳೆದ. ಅಪ್ಪ ಡಬ್ಬಿಯ ಮೇಲೆ ಬಾಗಿದರು. ಗುಳುಗುಳು ಎಂದು ಗುಳ್ಳೆ ಬಂದವು, ಎಣ್ಣೆ ಇಳಿಯಿತು, ಮತ್ತೆ ಸುರಿದರು, ಮತ್ತೆ ತಿರುಗಿಸಿದ. ಗುಳ್ಳೆ ನಿಂತ ಮೇಲೆಯೇ ಕೀಲಿ. ಎಂಜಿನ್ ಸಣ್ಣಗೆ ಓಡಿತು, ಸ್ಟೀರಿಂಗ್ ತಿರುಗಿತು, ಮೊದಲು ಕೊಂಚ ಮುಲುಗಿ ಆಮೇಲೆ ಸುಮ್ಮನಾಯಿತು.

“ಕೊನೇಲಿ ಹಿಡ್ಕೊಂಡ್ ನಿಲ್ಬೇಡ್ಲಾ, ಬಿಡು! ಅಲ್ಲಿ ಎಣ್ಣೆ ಬೇಯ್ತದೆ” ಎಂದು ಅಪ್ಪ ಗದರಿದರು. ಕೊನೆ ಮುಟ್ಟಿದಾಗ ಒತ್ತಡ ಮಿತಿಮೀರಿ, ಒಳಗಿನ ವಾಲ್ವು ತೆರೆದುಕೊಂಡು, ಎಣ್ಣೆ ಪಂಪಿನಲ್ಲೇ ಸುತ್ತುತ್ತಾ ಕ್ಷಣದಲ್ಲಿ ಕಾಯುತ್ತದೆ. ಹಳೆಯ ಸೀಲನ್ನು ಸುಟ್ಟ ಬಿಸಿಯಲ್ಲಿ ಅದರ ಪಾಲೂ ಇದ್ದಿರಬೇಕು.

ಸ್ಟ್ಯಾಂಡ್ ತೆಗೆದು ಗಾಡಿ ಇಳಿಸುವ ಹೊತ್ತಿಗೆ ಮಧ್ಯಾಹ್ನ ಹತ್ತಿರವಾಗಿತ್ತು. ಅಂಬೇಡ್ಕರ್ ಪಾರ್ಕಿನ ಕಡೆಯಿಂದ ಆಟ ಮುಗಿಸಿ ಬರುವ ಹುಡುಗರು ನಿಂತು ನೋಡಿದರು. ಅವ್ವ ಊಟಕ್ಕೆ ಕರೆದರು. ಮಗನ ಫೋನು ಬಡಿದುಕೊಂಡಿತು: ಸಂಜೆ ಗುಂಡ್ಲುಪೇಟೆ ದಾಟಿ ಹೋಗುವ ಬಾಡಿಗೆ. ಅವನು ಅಪ್ಪನ ಮುಖ ನೋಡಿದ. ಅಪ್ಪ ಕೈಯ ಎಣ್ಣೆಯನ್ನು ಸೋಪಿನ ಪುಡಿಯಿಂದ ತಿಕ್ಕುತ್ತಲೇ ಅಂದರು:

“ಹೋಗು. ನಂಜನಗೂಡಲ್ಲಿ ಒಂದ್ಸಲ, ಗುಂಡ್ಲುಪೇಟೇಲಿ ಒಂದ್ಸಲ ಬಾನೆಟ್ ಎತ್ತಿ ಡಬ್ಬ ನೋಡು. ಗಾಡಿ ಕಾದಿರ್ತದೆ, ಹಾಟ್ ಅಂತ ಇರೋ ಗೆರೆ ನೋಡ್ಬೇಕು, ಕೋಲ್ಡ್ ಗೆರೆ ಅಲ್ಲ. ನೊರೆ ಕಂಡ್ರೆ ಅಲ್ಲೇ ನಿಲ್ಸಿ ಫೋನ್ ಮಾಡು. ಘಾಟಿ ಹತ್ಬೇಡ.”